ಐದನೆಯ ಡ್ರಮ್ಮಿನವರೆಗೆ

ಹಿಡಿದಿಟ್ಟ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅಷ್ಟರಲ್ಲಿ ರಬಾಳೆಯ ನಮ್ಮ ಚಾಳಿನ ನಲ್ಲಿಗೆ ನೀರು ಬಂತು. ಅದು ಬರುವುದಕ್ಕೆ ಹೊತ್ತುಗೊತ್ತಿಲ್ಲ, ಬಂದರೂ ಸ್ವಲ್ಪ ಹೊತ್ತು ಮಾತ್ರ. ಕಲಬುರಗಿಯ ಮರಗಮ್ಮ ಐದು ಮನೆಗಳ ಡ್ರಮ್ಮುಗಳನ್ನು ಕಂಠದ ಹತ್ತಿರ ಹಳೆಯ ಪೈಪಿನ ತುಂಡುಗಳಿಂದ ಒಂದಕ್ಕೊಂದು ಜೋಡಿಸಿದ್ದಳು. ನಲ್ಲಿಯ ಪೈಪು ಇಳಿಬಿಟ್ಟ ಮೊದಲನೆಯದು ಅವಳದು, ಕೊನೆಯದು ಪಕ್ಕದ ಸಾಲಿನ ಕೊನೆಯ ಮನೆಯ ಅನಸೂಯಾಳದು.

“ಕೈ ಹಚ್ಚಬ್ಯಾಡ ಅನಸೂಯಾ, ಸುಮ್ಮನ ನೋಡು” ಎಂದಳು ಮರಗಮ್ಮ.

“ನಿನ್ನ ಡ್ರಮ್ ತುಂಬ್ತು ಅಕ್ಕಾ! ಚೆಲ್ತದ, ಬಂದ್ ಮಾಡು!”

“ಎಲ್ಲಿ ಚೆಲ್ತದ? ಬಾಜೂದವರ ಡ್ರಮ್ಮಿಗಿ ಹೊಂಟದ.”

“ಅಯ್ಯ, ಖರೇನ! ನಂದಕ್ಕ ಬರೂದ್ರಾಗ ನೀರು ಹೋದ್ರ?”

“ನಾಳಿ ನಲ್ಲಿ ಪೈಪ್ ನಿನ್ನ ಕಡಿಂದ ಹಚ್ಚೂಣು. ದಿನಾ ಒಬ್ಬೊಬ್ಬರ ಪಾಳಿ.”

“ಹಂಗಾದ್ರ ಯಾರೂ ಕಾಯ್ಕೋತ ಕೂಡೂದು ಬ್ಯಾಡೇನು?”

“ಬ್ಯಾಡ. ಜಗಳಾಡ್ಲಕ್ಕಷ್ಟ ಬ್ಯಾರೆ ನೆಪ ಹುಡುಕ್ಬೇಕು.”

“ಬಂತು ಅಕ್ಕಾ! ನನ್ನ ಡ್ರಮ್ಮಿಗೂ ಬಂತು!”

“ಇನ್ನ ಮಗಳನ್ನ ನೀರಿಗಂತ ಮನ್ಯಾಗ ಕೂಡಸಬ್ಯಾಡ. ಕಲ್ಯಾಣದ ಹಾಸ್ಟೆಲ್ ಸಾಲ್ಯಾಗ ಸೀಟ್ ಕೊಡ್ತೀವಂದಿದ್ರಲ್ಲ, ಕಾಗದ ಹಾಕ್ದೇನು?”

“ಕಳಸ್ತೀನಂತ ಯಾವಾಗೋ ಬರೆಸಿಟ್ಟೀನಿ. ನಾವು ಗಂಡ ಹೆಂಡ್ತಿ ಇಬ್ಬರೂ ಕೆಲಸಕ್ಕ ಹೋಗ್ತೀವಿ. ಆಕಿ ಹೋದ್ರ ನೀರು ಯಾರು ಹಿಡೀಬೇಕಂತ ಹಾಕಿಲ್ಲ.”

“ಈಗ ನಿನ್ನ ಡ್ರಮ್ಮ ಹಿಡೀತದ. ನಡಿ, ತಗೊಂಬಾ!”

ಅನಸೂಯಾ ಒಳಗೆ ಓಡಿ ಲಕೋಟೆ ತಂದಳು. ಗಲ್ಲಿಯ ಮೂಲೆಯ ಕೆಂಪು ಡಬ್ಬಿಯೊಳಗೆ ಅದನ್ನು ಬಿಟ್ಟು, “ಲಗೂನ ಮುಟ್ಟಪ್ಪ” ಎಂದು ಡಬ್ಬಿಗೇ ಹೇಳಿದಳು. ಅವಳೂ ಮರಗಮ್ಮನೂ ನಗುತ್ತ ಕೆಲಸಕ್ಕೆ ಹೋಗುವ ಬಸ್ಸು ಹಿಡಿಯಲು ಓಡಿದರು.