ಐದು ಗೇರು ಹಿಂದಕ್ಕೆ, ಒಂದು ಮುಂದಕ್ಕೆ

ಅರಿವು ಇದ್ದರೆ ಸಾಲದು, ಅದು ನಡೆಗೆ ಇಳಿಯಬೇಕು ಎಂದು ಪ್ರವಚನದ ಮೊದಲಿಗೇ ಅಂದೆ. ನೀವೆಲ್ಲ ತಲೆ ಅಲ್ಲಾಡಿಸಿದಿರಿ. ತಲೆ ಅಲ್ಲಾಡಿಸುವುದರಲ್ಲಿ ನಮ್ಮ ಮಠದ ಭಕ್ತರನ್ನು ಮೀರಿಸುವವರಿಲ್ಲ. ಅದಕ್ಕೇ ಅದೇ ಮಾತನ್ನು ಈಗ ಕಥೆ ಮಾಡಿ ಹೇಳುತ್ತೇನೆ. ಇದು ಕಾರಿನ ಕಥೆ. ನೋಡಿ, ಕಂಬಕ್ಕೆ ಒರಗಿದ್ದವರೆಲ್ಲ ಆಗಲೇ ನೆಟ್ಟಗೆ ಕುಳಿತರು.

ನಮ್ಮ ಸೀಮೆಯ ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಆ ಹೆಸರಿನವರು ಯಾರಾದರೂ ಇಲ್ಲಿದ್ದು, ಪ್ರಸಾದಕ್ಕೂ ನಿಲ್ಲದೆ ಎದ್ದು ಹೋಗುತ್ತಾರೆ. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿ ಅವನದು. ಅವನಿಗೊಬ್ಬ ತಂಗಿ. ಅವಳಿಗೆ ಮಾತ್ರ ಹೆಸರು ಬೇಕು, ಯಾಕೆಂದರೆ ಹೆಸರಿಲ್ಲದವರನ್ನು ನಾವು ಬೇಗ ಮರೆಯುತ್ತೇವೆ. ಕಾಶವ್ವ ಅನ್ನೋಣ. ಪಕ್ಕದ ತಾಲ್ಲೂಕಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಪ್ಪ ಅವ್ವ ಇಬ್ಬರೂ ಲಿಂಗೈಕ್ಯರಾಗಿದ್ದರು. ಕಾಶವ್ವನಿಗೆ ತವರು ಅಂದರೆ ಇನ್ನು ಅಣ್ಣ ಒಬ್ಬನೇ.

ನಾಗರ ಪಂಚಮಿ ಬಂದರೆ ನಮ್ಮ ಕಡೆ ಏನು ಪದ್ಧತಿ? ಹೆಣ್ಣುಮಕ್ಕಳು ತವರಿಗೆ ಬರಬೇಕು. ತಾವಾಗಿಯೇ ಬರುತ್ತಾರೆಯೇ? ಇಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಜೊತೆಗೆ ಕರೆದುಕೊಂಡು ಬರಬೇಕು. ಕರೆಯಲು ಬಾರದ ತವರನ್ನು ನೆನೆದು ಎಷ್ಟು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಂಡಿಲ್ಲ ಹೇಳಿ. ನಮ್ಮ ಸಾಹುಕಾರ ಒಂದು ವರ್ಷ ಕೆಲಸದ ನೆಪ ಹೇಳಿ ಹೋಗಲಿಲ್ಲ. ಮರುವರ್ಷ ಮನೆಯ ದೊಡ್ಡ ಕಾರಿನಲ್ಲಿ ಡ್ರೈವರನನ್ನು ಕಳಿಸಿದ. ಕಾಶವ್ವ ಡ್ರೈವರನಿಗೆ ಊಟ ಹಾಕಿ, ಹಬ್ಬದ ಉಂಡಿ ಕಟ್ಟಿಕೊಟ್ಟು, ಖಾಲಿ ಕಾರನ್ನೇ ತಿರುಗಿಸಿ ಕಳಿಸಿದಳು. ಜೊತೆಗೆ ಒಂದು ಮಾತು ಕಳಿಸಿದಳು: "ಅಣ್ಣ ಬಂದ್ರ ಬರ್ತೀನಿ. ಡ್ರೈವರ್ ನನಗ ಅಣ್ಣ ಅಲ್ಲ."

ಆ ಮಾತು ಸಾಹುಕಾರನಿಗೆ ಮೊದಲು ಸಿಟ್ಟು ತರಿಸಿತು. ಆಮೇಲೆ ಚುಚ್ಚಿತು. ಈ ಸಲ ನಾನೇ ಬರುತ್ತೇನೆ ಎಂದು ಶ್ರಾವಣಕ್ಕೆ ಮುಂಚೆಯೇ ಫೋನ್ ಮಾಡಿದ. ಒಳ್ಳೆಯ ಬುದ್ಧಿ ಬಂತು. ಆದರೆ ಬುದ್ಧಿ ಒಂಟಿಯಾಗಿ ಬರಲಿಲ್ಲ, ಬಾಲ ಹಿಡಿದುಕೊಂಡು ಬಿಂಕವೂ ಬಂತು. ಬರುವುದೇನೋ ಬರುತ್ತೇನೆ, ನನ್ನ ಆ ಕೆಂಪು ಕಾರಿನಲ್ಲೇ ಬರುತ್ತೇನೆ, ನಿಮ್ಮ ಊರಿನವರೆಲ್ಲ ಬಾಗಿಲಿಗೆ ಬಂದು ನೋಡಬೇಕು ಅಂದ. "ಈ ಸಲ ಬರಲಿಲ್ಲಂದ್ರ ಮುಂದ ಕರೀಬ್ಯಾಡ ಅಣ್ಣಾ. ದಾರಿ ನೋಡೂದನ್ನ ಬಿಟ್ಟುಬಿಡ್ತೀನಿ" ಅಂತಷ್ಟೇ ಕಾಶವ್ವ ಹೇಳಿದಳು.

ಆ ಕೆಂಪು ಕಾರು ಎಂಥದು? ಹಳೆಯ ಕಾಲದ ವಿದೇಶಿ ಕಾರು, ಓಟದ ಕಾರು. ಎರಡೇ ಸೀಟು. ನಮ್ಮ ನಿಮ್ಮ ಕಾರುಗಳಿಗೆ ಎಂಜಿನ್ನು ಮುಂದೆ ಇರುತ್ತದೆ. ಇದಕ್ಕೆ ಸೀಟಿನ ಬೆನ್ನಿಗೇ ಎಂಜಿನ್ನು, ಅದರ ಹಿಂದೆ ಗೇರುಪೆಟ್ಟಿಗೆ. ಹಿಂದಿನ ಚಕ್ರಗಳು ತಿರುಗುವುದು ಆ ಪೆಟ್ಟಿಗೆಯಿಂದ. ಇದ್ದ ಹಾಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಸಾಹುಕಾರರಿಗೆ ಇದ್ದದ್ದು ಇದ್ದ ಹಾಗೆ ಇದ್ದರೆ ನಿದ್ದೆ ಬರುವುದಿಲ್ಲ. ಹಳೆಯ ಎಂಜಿನ್ನು ಕೀಳಿಸಿ ಭಾರಿ ಶಕ್ತಿಯ ಎಂಜಿನ್ನು ಕೂರಿಸಿದ. ಹಳೆಯ ಗೇರುಪೆಟ್ಟಿಗೆ ಆ ಶಕ್ತಿಯನ್ನು ಎಷ್ಟು ದಿನ ತಡೆದೀತು? ಒಂದು ದಿನ ಒಳಗಿನ ಹಲ್ಲುಗಳು ಮುರಿದು ಎಣ್ಣೆಯ ಜೊತೆ ಚೂರುಚೂರಾಗಿ ಹೊರಗೆ ಬಂದವು.

ಎಂಜಿನ್ನು ಬದಲಾಗಿತ್ತು, ಅದರ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಬದಲಾಗಿರಲಿಲ್ಲ. ಇದನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಹೀಗೇ ಹಲ್ಲು ಮುರಿದಿವೆ.

ಸಾಹುಕಾರ ಹೊರದೇಶದಿಂದ ಬೇರೆ ಗೇರುಪೆಟ್ಟಿಗೆ ತರಿಸಿದ. ಹೊಸದು, ಗಟ್ಟಿ, ಕಂಪನಿಯ ಸೀಲು ಬಿದ್ದದ್ದು. ಆದರೆ ಅದು ಬೇರೆ ಜಾತಿಯ ಕಾರಿನದು, ಎಂಜಿನ್ನು ಪೂರ್ತಿ ಬಾಲದಲ್ಲಿರುವ ಕಾರಿನದು. ಅಲ್ಲಿ ಎಂಜಿನ್ನಿನ ಮುಂದೆ ಪೆಟ್ಟಿಗೆ ಇರುತ್ತದೆ, ಇಲ್ಲಿ ಎಂಜಿನ್ನಿನ ಹಿಂದೆ ಇರಬೇಕು. ಅಂದರೆ ಪೆಟ್ಟಿಗೆಯನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಬೇಕು. ಹಾಗೆ ತಿರುಗಿಸಿದರೆ ಏನಾಗುತ್ತದೆ? ಎದುರಿಗೆ ಕುಳಿತವನ ಬಲಗೈ ನಿಮ್ಮ ಎಡಕ್ಕೆ ಬರುವುದಿಲ್ಲವೇ? ಹಾಗೆಯೇ ಚಕ್ರ ಉಲ್ಟಾ ತಿರುಗುತ್ತದೆ. ಅದನ್ನು ನೇರ ಮಾಡಬೇಕಾದರೆ ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನ ದೊಡ್ಡ ಹಲ್ಲಿನ ಚಕ್ರವನ್ನು ಈ ಮಗ್ಗುಲಿನಿಂದ ತೆಗೆದು ಆ ಮಗ್ಗುಲಿಗೆ ಕೂರಿಸಬೇಕು.

ಇದು ಸಾಹುಕಾರನಿಗೆ ಗೊತ್ತಿರಲಿಲ್ಲ. ಅವನ ಮಿಸ್ತ್ರಿಗೂ ಗೊತ್ತಿರಲಿಲ್ಲ, ಅವನು ಲಾರಿ, ಜೀಪು ಬಿಚ್ಚಿ ಪಳಗಿದವನು. ಗೊತ್ತಿಲ್ಲದಿರುವುದು ತಪ್ಪಲ್ಲ. ಆದರೆ ಇಬ್ಬರಿಗೂ ಒಳಗೊಳಗೇ ಅನುಮಾನವಿತ್ತು, ಮತ್ತು ಇಬ್ಬರೂ ಕೇಳಲಿಲ್ಲ. ಇಷ್ಟು ದೊಡ್ಡ ಸಾಹುಕಾರ ಓದಿ ತಿಳಿದೇ ತರಿಸಿರಬೇಕು, ಕೇಳಿದರೆ ನನ್ನ ಮಿಸ್ತ್ರಿಕಿ ಏನಾಯಿತು ಎಂದು ಮಿಸ್ತ್ರಿ ಸುಮ್ಮನಾದ. ಇಂಥ ಹೆಸರುವಾಸಿ ಮಿಸ್ತ್ರಿಗೆ ಗೊತ್ತಿರದೆ ಇರುತ್ತದೆಯೇ, ಕೇಳಿದರೆ ನಾನು ಸಣ್ಣವನಾಗುತ್ತೇನೆ ಎಂದು ಸಾಹುಕಾರ ಸುಮ್ಮನಾದ. ಬಿಚ್ಚಿ ನೋಡೋಣವೇ ಎಂದು ಮಿಸ್ತ್ರಿ ಒಂದು ಸಲ ಅಂದದ್ದುಂಟು. ಹೊಸ ಮಾಲಿನ ಸೀಲು ಒಡೆಯುವವರುಂಟೇ ಎಂದು ಸಾಹುಕಾರ ಗದರಿದ. ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಬೇಕಾದ ಜೋಡುಪಟ್ಟಿಯನ್ನು ತನ್ನ ಫೌಂಡ್ರಿಯಲ್ಲಿ ತಾನೇ ನಿಂತು ಎರಕ ಹೊಯ್ಸಿದ್ದ. ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಆ ಹೆಮ್ಮೆಯಲ್ಲಿ ಬೇರೆ ಏನೂ ಕಾಣಲಿಲ್ಲ.

ಕಾರನ್ನು ಜಾಕಿನ ಮೇಲೆ ಎತ್ತಿ ಎಂಜಿನ್ನು ಚಾಲೂ ಮಾಡಿದರು. ಗೇರು ಹಾಕಿದರು. ಚಕ್ರ ತಿರುಗಿತು. ಆಹಾ, ಚಕ್ರ ತಿರುಗಿತು ಎಂದು ಎಲ್ಲರೂ ಪೇಢಾ ತಿಂದರು. ಯಾವ ಕಡೆಗೆ ತಿರುಗಿತು? ಯಾರೂ ನೋಡಲಿಲ್ಲ. ಯಾರೊಬ್ಬರೂ ನೋಡಲಿಲ್ಲ.

ಇಷ್ಟೆಲ್ಲ ಆಗುವಷ್ಟರಲ್ಲಿ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬ ದಾಟಿಹೋಗಿತ್ತು. ಹೆಂಗಸರು ನಾಗಪ್ಪನಿಗೆ ಹಾಲು ಎರೆಯುವ ದಿನದ ಬೆಳಗು ಬಂದಿತ್ತು. ಆಗಲೇ ತಡವಾಗಿತ್ತು. ಕಾರಿಗೆ ಪೂಜೆ ಮಾಡಿ, ಕಾಯಿ ಒಡೆದು, ಮುಂದಿನ ಎರಡು ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು. ಸಾಹುಕಾರ ಹೊಸ ರುಮಾಲು ಸುತ್ತಿಕೊಂಡು ಕುಳಿತ, ಒಂದನೇ ಗೇರು ಹಾಕಿ ಕಾಲು ಒತ್ತಿದ. ಕಾರು ಬಾಣದಂತೆ ಹಿಂದಕ್ಕೆ ಹಾರಿ ಫೌಂಡ್ರಿಯ ಮರಳಿನ ಗುಡ್ಡೆಗೆ ಬಾಲ ಹೂತುಕೊಂಡು ನಿಂತಿತು. ನಿಂಬೆಹಣ್ಣು ಇಟ್ಟಲ್ಲೇ ಇದ್ದವು, ಒಂದೂ ಜಜ್ಜಿರಲಿಲ್ಲ.

ಮರಳಿನಿಂದ ಎಳೆದು ನಿಲ್ಲಿಸಿ ಎರಡನೇ ಗೇರು ಹಾಕಿದರೂ ಹಿಂದಕ್ಕೆ, ಮೂರನೇದು ಹಾಕಿದರೂ ಹಿಂದಕ್ಕೆ. ಮಿಸ್ತ್ರಿ ಬೆವರು ಒರೆಸಿಕೊಂಡು, "ಸಾಹುಕಾರ್ರ, ಐದೂ ಗೇರು ಹಿಂದಕ್ಕ ಹೊಂಟಾವ್ರಿ. ರಿವರ್ಸ್ ಹಾಕಿದ್ರ ಅಷ್ಟ ಮುಂದ ಹೋಗತೈತಿ" ಅಂದ.

ನೀವು ನಗುತ್ತೀರಿ. ನಗಿ, ಆಮೇಲೆ ನಗುವುದಕ್ಕೆ ಆಗುವುದಿಲ್ಲ.

ಮನೆಯ ದೊಡ್ಡ ಕಾರು ಅಲ್ಲೇ ನೆರಳಿನಲ್ಲಿ ನಿಂತಿತ್ತು. ಅದನ್ನು ತೆಗೆದುಕೊಂಡು ಹೋಗಿರಿ ಎಂದು ಹೆಂಡತಿ ಹೇಳಿದಳು, ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ಕೇಳಿದನೇ? ಕೆಂಪು ಕಾರಿನಲ್ಲಿ ಬರುತ್ತೇನೆ ಅಂದಿದ್ದೇನೆ, ಕೆಂಪು ಕಾರಿನಲ್ಲೇ ಹೋಗುತ್ತೇನೆ, ಒಂದು ಗೇರಾದರೂ ಮುಂದಕ್ಕಿದೆಯಲ್ಲ ಎಂದು ರಿವರ್ಸ್ ಗೇರಿನಲ್ಲಿ ಹೊರಟೇಬಿಟ್ಟ. ಅಷ್ಟು ಶಕ್ತಿಯ ಎಂಜಿನ್ನು ಊರೆಲ್ಲ ಕೇಳುವಂತೆ ಅರಚುತ್ತಿತ್ತು, ಕಾರು ಮಾತ್ರ ಎಮ್ಮೆಯ ಹಾಗೆ ನಡೆಯುತ್ತಿತ್ತು. ಸೈಕಲ್ಲಿನವರು ಮುಂದೆ ಹೋಗಿ ತಿರುಗಿ ತಿರುಗಿ ನೋಡಿದರು. ಅಷ್ಟು ದೂರ ಓಡಿಸಲು ಮಾಡಿದ ಗೇರಲ್ಲ ಅದು. ಅರ್ಧ ದಾರಿಯಲ್ಲಿ ಹಿಂದಿನಿಂದ ಹೊಗೆ ಬಂತು, ಸುಟ್ಟ ಎಣ್ಣೆಯ ವಾಸನೆ ಬಂತು, ಕಾರು ನಿಂತಿತು. ಹೊತ್ತು ನೆತ್ತಿಗೆ ಬಂದಿತ್ತು.

ರಸ್ತೆಯ ಬದಿಗೆ ನಿಂತಾಗ ಸಾಹುಕಾರನಿಗೆ ನಿಜವಾಗಿ ಹೆದರಿಕೆಯಾಯಿತು. ಕಾರು ಹೋಯಿತಲ್ಲ ಎಂಬ ಹೆದರಿಕೆಯಲ್ಲ. ತಂಗಿ ಈಗ ಹೊಸ್ತಿಲಲ್ಲಿ ನಿಂತಿರುತ್ತಾಳೆ, ಇನ್ನು ಸ್ವಲ್ಪ ಹೊತ್ತಿಗೆ ಒಳಗೆ ಹೋಗಿಬಿಡುತ್ತಾಳೆ ಎಂಬ ಹೆದರಿಕೆ. ಇಷ್ಟು ದಿನ ಆ ಕಾರಿನ ಕೆಳಗೆ ಮಲಗಿ ಎದ್ದವನಿಗೆ ತಂಗಿಯ ಮುಖ ಕಣ್ಣಿಗೆ ಕಟ್ಟಿದ್ದು ಆಗಲೇ. ಅಷ್ಟರಲ್ಲಿ ಬಸ್ಸು ಬಂತು. ಸಾಹುಕಾರ ಕೈ ಅಡ್ಡ ಹಾಕಿ ಹತ್ತಿದ. ಕೂರಲು ಜಾಗವಿಲ್ಲ. ಒಳಗೆಲ್ಲ ಅಕ್ಕತಂಗಿಯರು, ಮಡಿಲಲ್ಲಿ ಬುತ್ತಿಗಂಟು, ಪಕ್ಕದಲ್ಲಿ ಕರೆಯಲು ಹೋಗಿದ್ದ ಅಣ್ಣತಮ್ಮಂದಿರು. ಒಬ್ಬ ರೈತ ಇವನ ಎಣ್ಣೆಮೆತ್ತಿದ ಅಂಗಿ ನೋಡಿ, ತಂಗಿಯನ್ನು ಕರೆಯಲು ಹೊರಟಿರೇನು ಎಂದು ಕೇಳಿದ. ಸಾಹುಕಾರ ಹೌದು ಅಂದು, ಅಂಗಿಯ ಎಣ್ಣೆಯ ಕಲೆಯನ್ನು ಕೈಯಿಂದ ಮುಚ್ಚಿಕೊಂಡ.

ಬಸ್ಸು ಬದಲಿಸಿ ಅವನು ತಂಗಿಯ ಊರು ಮುಟ್ಟುವಾಗ ಸಂಜೆ. ಹಾಲು ಎರೆಯುವುದು ಯಾವಾಗಲೋ ಮುಗಿದಿತ್ತು. ಕಟ್ಟೆಯ ಮೇಲೆ ಕಾಶವ್ವನ ಅತ್ತೆ ಕುಳಿತಿದ್ದಳು. ಮುದುಕಿ ಬೀಗರಿಗೆ ನೀರು ಕೊಡಿಸಿದಳು, ಬೈಯಲಿಲ್ಲ. ಆದರೆ ಹೇಳಬೇಕಾದದ್ದನ್ನು ಹೇಳದೆ ಬಿಡಲೂ ಇಲ್ಲ. "ನಾಗಪ್ಪಗ ಹಾಲು ಎರಿಯೂವಾಗ ಎಲ್ಲಾರ ಪಾಲು ಹೇಳ್ತಾರಲ್ರಿ, ಅಪ್ಪನ ಪಾಲು, ಅವ್ವನ ಪಾಲು ಅಂತ. ನಮ್ಮ ಸೊಸಿ ಅಣ್ಣನ ಪಾಲು ಮೊದಲ ಎರೀತಾಳ. ನೀವು ಬರಲಾರದ ವರ್ಷಾನೂ ಎರದಾಳ. ಇವತ್ತೂ ಎರದಾಳ."

ಸಾಹುಕಾರ ರುಮಾಲು ತೆಗೆದು ಮುಖ ಮುಚ್ಚಿಕೊಂಡು ಅತ್ತ. ಬೀಗರ ಮನೆಯ ಕಟ್ಟೆಯ ಮೇಲೆ, ಓಣಿಯವರು ನೋಡುತ್ತಿರುವಾಗಲೇ ಅತ್ತ. ತಂಗಿ ಹೊರಗೆ ಬಂದಾಗ ಕಾರಿನ ಕಥೆ ಹೇಳಬೇಕೆಂದು ಬಾಯಿ ತೆರೆದ. ಆಗಲಿಲ್ಲ. "ತಪ್ಪಾತವ್ವಾ" ಅಂದ.

ಕಾಶವ್ವ ಒಳಗೆ ಹೋದಳು. ಇನ್ನು ಬರುವುದಿಲ್ಲವೇನೋ ಎಂದು ಅಣ್ಣ ಎದ್ದು ನಿಂತ. ಅವಳು ಸೀರೆಗಳನ್ನು ಕಟ್ಟಿದ ಗಂಟು ಹಿಡಿದುಕೊಂಡು ಹೊರಗೆ ಬಂದಳು. "ಹಾಲು ಎರದಾತು. ಜೋಕಾಲಿ ಆಡೂದು ಇನ್ನೂ ಬಾಕಿ ಐತಿ. ನಡಿ" ಅಂದಳು.

ಹೇಗೆ ಬಂದೆ, ಯಾವುದರಲ್ಲಿ ಬಂದೆ ಎಂದು ಕೇಳಿದಳೇ? ಕೇಳಲಿಲ್ಲ. ಕೊನೆಯ ಬಸ್ಸಿನಲ್ಲಿ ಅಣ್ಣತಂಗಿ ನಿಂತುಕೊಂಡೇ ಊರಿಗೆ ಬಂದರು.

ಈಗ ನಿಮ್ಮ ಕಡೆಗೆ ಬರುತ್ತೇನೆ. ಆ ಸಾಹುಕಾರನಿಗೆ ತಂಗಿಯ ಮೇಲೆ ಪ್ರೀತಿ ಇರಲಿಲ್ಲವೇ? ಬೇಕಾದಷ್ಟಿತ್ತು. ಪ್ರೀತಿ ಎಂಜಿನ್ನು. ಆದರೆ ಅದು ಬಿಂಕದ ಪೆಟ್ಟಿಗೆಯೊಳಗೆ ಹಾದು ಬರುವಾಗ ಅವನನ್ನು ತಂಗಿಯಿಂದ ದೂರ ದೂರ ಒಯ್ದಿತು. ನಿಮ್ಮಲ್ಲಿಯೂ ಪ್ರೀತಿ ಇದೆ, ದುಡಿಮೆ ಇದೆ, ದಿನಕ್ಕೆರಡು ಸಲ ಪೂಜೆಯೂ ಇದೆ. ಚಕ್ರ ಭರ್ರನೆ ತಿರುಗುತ್ತಿದೆ. ಯಾವ ಕಡೆಗೆ ಅಂತ ಬಗ್ಗಿ ನೋಡಿದ್ದೀರಾ? ಮನೆ ಕಟ್ಟಿ ಮುಗಿಯಲಿ ಅಣ್ಣನನ್ನು ಕರೆಯುತ್ತೇನೆ ಅಂತೀರಿ. ಹೊಸ ಗಾಡಿ ಬರಲಿ ಅಕ್ಕನ ಊರಿಗೆ ಹೋಗುತ್ತೇನೆ ಅಂತೀರಿ. ಫೋನಿನಲ್ಲೇ ಸೀರೆಯ ದುಡ್ಡು ಹಾಕಿ ಪಂಚಮಿ ಮುಗಿಯಿತು ಅಂತೀರಿ. ಮುಗಿಯಲಿಲ್ಲ. ಅಲ್ಲಿ ಯಾರೋ ನಿಮ್ಮ ಪಾಲಿನ ಹಾಲು ಎರೆಯುತ್ತಿದ್ದಾರೆ.

ಇನ್ನು ಮೇಲೆ ಮಾಡಬೇಕಾದದ್ದು ಇಷ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಾಯಿಬಿಟ್ಟು ಕೇಳಿ, ಹೆಂಡತಿಯನ್ನಾದರೂ ಕೇಳಿ, ಯಾರೂ ಸಣ್ಣವರಾಗುವುದಿಲ್ಲ. ಹೋಗಬೇಕಾದ ಮನೆಗೆ ಇದ್ದದ್ದರಲ್ಲೇ ಹೋಗಿ, ಬೇರೆಯವರನ್ನು ಕಳಿಸದೆ ನೀವೇ ಹೋಗಿ. ತಪ್ಪಾಗಿದ್ದರೆ ತಪ್ಪಾಯಿತು ಅನ್ನಿ, ನೆಪದ ಕಥೆ ಹೇಳಬೇಡಿ.

ಪ್ರವಚನದ ನಡುವೆ ಯಾರಾದರೂ ಎದ್ದು ಹೋದರೆ ನನಗೆ ಸಿಟ್ಟು ಬರುತ್ತದೆ, ನಿಮಗೆಲ್ಲ ಗೊತ್ತು. ಇವತ್ತು ಬರುವುದಿಲ್ಲ. ಯಾರದಾದರೂ ಮುಖ ಈಗ ಕಣ್ಣ ಮುಂದೆ ಬಂದಿದ್ದರೆ ಮಂಗಳಾರತಿಗೆ ಕಾಯಬೇಡಿ. ಎದ್ದು ಹೊರಡಿ.