ತವರುಮಠದ ಗೋಡೆ ಬರೆದವರು

ಎಲ್ಲರಿಗೂ ನಮಸ್ಕಾರ. ನಮ್ಮನ್ನಗಲಿದ ಅಕ್ಕನ ಯಜಮಾನರು, ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಅವರಿಗೆ ಮೊದಲು ಕೈಮುಗಿಯುತ್ತೇನೆ. ನಿರ್ಮಾಪಕರು, ನಿರ್ದೇಶಕರು, ಕಥೆ ಬರೆಯುವವರು, ಲೈಟಿನವರು, ಬಡಗಿಗಳು, ನಮಗೆಲ್ಲ ನಿಲುವಂಗಿ ಹೊಲಿದುಕೊಟ್ಟವರು — ಎಲ್ಲರೂ ಬಂದಿದ್ದೀರಿ. ಅಕ್ಕ ಇದ್ದಿದ್ದರೆ "ಇಷ್ಟೂ ಜನ ಇಲ್ಲೇ ಕೂತ್ರೆ ಅಲ್ಲಿ ಕೆಲಸ ಯಾರು ಮಾಡ್ತಾರೆ?" ಅಂತ ಕೇಳಿಯೇ ಕೇಳುತ್ತಿದ್ದರು.

ಅಕ್ಕನ ಕಡೆಯ ನೆಂಟರು ಬಂದಿದ್ದಾರೆ. ಅವರಲ್ಲಿ ನಮ್ಮ ಧಾರಾವಾಹಿ ನೋಡದ ಪುಣ್ಯವಂತರೂ ಇರಬಹುದು. ಅವರಿಗಾಗಿ ಎರಡು ಮಾತು. ಅದು ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗಿನಲ್ಲಿ ಹೋಗುವ ಸನ್ಯಾಸಿಗಳ ಕಥೆ. ಅವರ ಕೇಂದ್ರದ ಹೆಸರು ತವರುಮಠ. ಆಕಾಶದಲ್ಲಿ ತೇಲುವ ಕಲ್ಲಿನ ಊರು ಅದು. ಎಷ್ಟೇ ದೂರ ಹೋದವರೂ ಒಂದು ದಿನ ಅಲ್ಲಿಗೆ ಮರಳಬೇಕು, ಅಲ್ಲಿ ಎತ್ತರದ ಕುರ್ಚಿಯಲ್ಲಿ ಕೂತ ದೊಡ್ಡಗುರುವಿನ ಮುಂದೆ ತಲೆಬಾಗಬೇಕು. ಆ ದೊಡ್ಡಗುರು ನಾನೇ. ಗಡ್ಡ ಅಂಟಿಸಿದ್ದು, ಕುರ್ಚಿ ಪ್ಲೈವುಡ್ಡಿನದು, ಹೊರಗಿನ ನಕ್ಷತ್ರಗಳು ಕಪ್ಪು ಬಟ್ಟೆಗೆ ಚುಚ್ಚಿದ ತೂತುಗಳು. ಆದರೆ ಆ ಕಲ್ಲು ಇದೆಯಲ್ಲ, ಸಾವಿರ ವರ್ಷದ ಕೈ ಸವರಿ ನುಣುಪಾದಂಥ ಕಲ್ಲು — ಅದನ್ನು ಬರೀ ಸ್ಪಂಜು, ಬಣ್ಣಗಳಲ್ಲಿ ಮಾಡಿದವರು ನಮ್ಮ ಬಣ್ಣದಕ್ಕ. ನನಗಿಂತ ಎಷ್ಟೋ ಚಿಕ್ಕವರು. ಆದರೂ ಊರಿಗೆಲ್ಲ ಅಕ್ಕ, ನನಗೂ ಅಕ್ಕ.

ನಾಲ್ಕು ಒಳ್ಳೆಯ ಮಾತಾಡಿ ಕೂರೋಣ ಅಂತ ಬಂದವನು ನಾನು. ನನ್ನ ಹೆಂಡತಿಯೂ ಅಷ್ಟೇ ಮಾಡಿ ಅಂತ ಹೇಳಿ ಕರೆತಂದಿದ್ದಾಳೆ. ಆದರೆ ಈಗಷ್ಟೇ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಒಂದು ಮಾತು ಹೇಳಿ ಇಳಿದರು. "ಅಕ್ಕನ ಕೈ ಚಿನ್ನ, ಆದ್ರೆ ಮರೆವು ಮಾತ್ರ ಅಬ್ಬಬ್ಬಾ! ನಿನ್ನೆ ಗೋಡೆ ಮೇಲೆ ಏನು ಬರೆದಿದ್ರು ಅನ್ನೋದೇ ಇವತ್ತು ನೆನಪಿರ್ತಿರ್ಲಿಲ್ಲ." ನೀವೆಲ್ಲ ನಕ್ಕಿರಿ. ಪ್ರೀತಿಯ ನಗುವೇ, ಇಲ್ಲ ಅನ್ನುವುದಿಲ್ಲ. ಆದರೆ ಮಗಳು ನಗಲಿಲ್ಲ. ತಲೆ ತಗ್ಗಿಸಿದಳು. ನಾನು ಇಲ್ಲಿಂದ ನೋಡಿದೆ.

ಅಮ್ಮಾ — ತಲೆ ಎತ್ತು. ನಿಮ್ಮಮ್ಮನಿಗೆ ಮರೆವು ಇರಲಿಲ್ಲ. ಮರೆವು ಇದ್ದದ್ದು ನನಗೆ. ಈಗಲೂ ಇದೆ.

ಯಾಕೆ ಎಲ್ಲರೂ ಹೀಗೆ ನೋಡುತ್ತಿದ್ದೀರಿ? ನಿಜವೇ ಹೇಳುತ್ತಿದ್ದೇನೆ. ಡಾಕ್ಟರೂ ಅದನ್ನೇ ಹೇಳಿದ್ದಾರೆ, ಅದಕ್ಕೊಂದು ಉದ್ದನೆಯ ಹೆಸರೂ ಇದೆ. ಆ ಹೆಸರೂ ನನಗೆ ನೆನಪಿಲ್ಲ, ಹೋಗಲಿ ಬಿಡಿ.

ಶುರುವಾದದ್ದು ಹೀಗೆ. ಮೊದಲ ಭಾಗ ಮುಗಿದು ಎರಡನೆಯದರ ಚಿತ್ರೀಕರಣ. ತವರುಮಠದ ದೊಡ್ಡ ಹಜಾರ. ದೂರದ ಲೋಕಕ್ಕೆ ಹೊರಡುವ ಸನ್ಯಾಸಿಗಳು ಸಾಲಾಗಿ ನಿಂತಿದ್ದಾರೆ, ನಾನು ಹರಸಿ ಕಳಿಸಬೇಕು. ಬಾಯಿ ತೆರೆದೆ. ಏನೂ ಇಲ್ಲ. ಮಾತು ನಾಲಿಗೆ ತುದಿಯಲ್ಲೂ ಇಲ್ಲ, ಹಿಂದೆಯೂ ಇಲ್ಲ — ಎಲ್ಲೂ ಇಲ್ಲ. ಮತ್ತೆ ಶುರು ಮಾಡಿದರು. ಮತ್ತೆ ಅದೇ ಕಥೆ. ರಂಗದ ಮೇಲೆ ರಾತ್ರಿಯಿಡೀ ಮಾತಾಡಿದ ಮನುಷ್ಯ ನಾನು! "ಗಂಟಲು ಕಟ್ಟಿದೆ" ಅಂದೆ. ನಿರ್ದೇಶಕರು ಪಾಪ, ಬಿಸಿನೀರು ತರಿಸಿಕೊಟ್ಟರು.

ಎಲ್ಲರೂ ಊಟಕ್ಕೆ ಹೋದರು. ನಾನು ಕುರ್ಚಿಯಲ್ಲೇ ಕೂತಿದ್ದೆ. ಆಗ — ಆಗ ಮೇಲಿನಿಂದ... ಎಲ್ಲಿದ್ದೆ ನಾನು? ಹಾಂ, ಏಣಿ. ನೋಡಿ, ನನ್ನ ಹೆಂಡತಿ ಅಲ್ಲಿಂದಲೇ ಹೇಳಿಕೊಟ್ಟಳು. ಸೆಟ್ಟಿಗೆ ಬಂದಾಗ ಅವಳು ಪದೇಪದೇ ಕೆಮ್ಮುತ್ತಾಳೆ ಅಂತ ನೀವು ಶುಂಠಿ ಕೊಡುತ್ತಿದ್ದಿರಲ್ಲ, ಅದು ಕೆಮ್ಮಲ್ಲ, ನನಗೆ ಹೀಗೆ ಮಾತು ನೆನಪಿಸುತ್ತಿದ್ದದ್ದು. ಸರಿ, ಏಣಿಯ ಮೇಲೆ ಅಕ್ಕ ಇದ್ದರು, ಕಂಬಕ್ಕೆ ಬಣ್ಣ ಹಚ್ಚುತ್ತಿದ್ದರು. ಅಲ್ಲಿಂದಲೇ ಕೇಳಿದರು, "ಗಂಟಲಲ್ಲ ಅಲ್ವಾ ಗುರುಗಳೇ?"

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಬಣ್ಣ ನೀವು ನೋಡ್ಕೊಳ್ಳಿ" ಅಂದೆ.

"ನೋಡ್ಕೋತೀನಿ. ನಮ್ಮಮ್ಮನಿಗೂ ಹೀಗೇ ಶುರುವಾಗಿತ್ತು, ಅದಕ್ಕೇ ಕೇಳ್ದೆ" ಅಂದರು. ಅಷ್ಟೇ. ಮತ್ತೆ ಕಂಬದ ಕಡೆ ತಿರುಗಿದರು. ನಾನು ಗಡ್ಡ ಕಿತ್ತಿಟ್ಟುಕೊಂಡು ಅತ್ತುಬಿಟ್ಟೆ. ಅವರು ತಿರುಗಿ ನೋಡಲಿಲ್ಲ. ಆ ಉಪಕಾರವನ್ನೂ ನಾನು ಮರೆತಿಲ್ಲ.

ಮರುದಿನ ಬೆಳಿಗ್ಗೆ ಕುರ್ಚಿ ಹತ್ತಿ ಕೂತೆ. ಹಜಾರದ ಉದ್ದನೆಯ ಗೋಡೆಯ ಮೇಲೆ ಎಂಥದೋ ದೇವಲಿಪಿ ಬಂದಿತ್ತು. ಎದುರಿಗೆ ನಿಂತು ನೋಡಿದರೆ ಎಳೆದು ಹಿಗ್ಗಿಸಿದ ಗೀಟುಗಳು, ಯಾವ ಲೋಕದ ಭಾಷೆಯೋ. ಆದರೆ ನನ್ನ ಕುರ್ಚಿಯಿಂದ ಓರೆಯಾಗಿ ನೋಡಿದರೆ — ಅಚ್ಚಗನ್ನಡ! ಅವತ್ತಿನ ನನ್ನ ಮಾತುಗಳು, ಒಂದಕ್ಷರ ಬಿಡದೆ.

ಇದು ಹೇಗೆ ಅಂತೀರಾ? ಸೆಟ್ಟಿಗೆ ಬರುವ ಮೊದಲು ಅಕ್ಕ ರಸ್ತೆಯ ಮೇಲೆ ಅಕ್ಷರ ಬರೆಯುತ್ತಿದ್ದರು. "ನಿಧಾನ", "ಮುಂದೆ ಶಾಲೆ" — ಅಂಥವು. ಆ ಅಕ್ಷರಗಳನ್ನು ಉದ್ದುದ್ದ ಎಳೆದು ಬರೆಯಬೇಕು, ಆಗಲೇ ಗಾಡಿ ಓಡಿಸುವವನ ಸೀಟಿನಿಂದ ಅವು ಸರಿಯಾಗಿ ಕಾಣುವುದು. ಇಲ್ಲಿ ಕೂತಿರುವ ಯಜಮಾನರು ಬಸ್ ಡ್ರೈವರ್. ಒಂದು ದಿನ ಬಸ್ಸು ನಿಲ್ಲಿಸಿ, "ಏನಮ್ಮಾ, ನಿನ್ನ ಧಾ ಸೊಟ್ಟಗಿದೆ" ಅಂದರಂತೆ. ಅಲ್ಲಿಂದ ಇವರಿಬ್ಬರ ಸಂಸಾರ ಶುರುವಾಯಿತು. ಸರ್, ಆಮೇಲೆ ನೀವೇ ಬೆಳಗಿನ ಮೊದಲ ಬಸ್ಸಿನಲ್ಲಿ ಅಕ್ಕನನ್ನು ತಂದು ಬಿಡುತ್ತಿದ್ದಿರಿ. ಇಷ್ಟು ಬೇಗ ಯಾಕೆ ಅಂತ ನೀವು ಕೇಳಿದ್ದಕ್ಕೆ, "ಒಬ್ಬರು ಮುದುಕರಿಗೆ ಓದಿಸ್ಬೇಕು" ಅಂದಿದ್ದರಂತೆ. ನೀವು ತಮಾಷೆ ಅಂದುಕೊಂಡಿರಿ. ಆ ಮುದುಕ ನಾನೇ ಸರ್. ನಿಮಗೆ ನನ್ನ ನಮಸ್ಕಾರ.

ಅಂದಿನಿಂದ ಇದೇ ನಡೆಯಿತು. ಹಿಂದಿನ ಸಂಜೆ ಸಂಭಾಷಣೆಯ ಹಾಳೆ ಬರುತ್ತಿತ್ತು, ಬೆಳಿಗ್ಗೆ ಅದು ಗೋಡೆಯ ಮೇಲೆ ಇರುತ್ತಿತ್ತು, ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಾಯ. ನನ್ನ ಅಭಿನಯವನ್ನು ಹೊಗಳಿ ಪತ್ರಿಕೆಯವರು ಬರೆದರು: "ದೊಡ್ಡಗುರುವಿನ ಕಣ್ಣುಗಳು ಸದಾ ಅನಂತವನ್ನು ನೋಡುತ್ತವೆ." ಅನಂತವಲ್ಲ ಸ್ವಾಮೀ, ಎರಡನೇ ಸಾಲು!

ಅಕ್ಕನ ಕುಚೇಷ್ಟೆಯೂ ಕಡಿಮೆ ಇರಲಿಲ್ಲ. ನಾನು ಕುರ್ಚಿಯಲ್ಲಿ ಗೂನಾಗಿ ಕೂರುತ್ತೇನೆ ಅಂತ ಅವರಿಗೆ ಕೋಪ. ಒಂದು ದಿನ ನನ್ನ ಮಾತಿನ ನಡುವೆಯೇ ಅದನ್ನೂ ಬರೆದುಬಿಟ್ಟಿದ್ದರು. ನನಗೇನು ಗೊತ್ತು? ಗಂಭೀರವಾಗಿ ಓದಿದೆ — "ದೂರ ಹೊರಟ ಮಕ್ಕಳೇ, ಕತ್ತಲಿಗೆ ಹೆದರಬೇಡಿ. ನೆಟ್ಟಗೆ ಕೂತ್ಕೊಳ್ಳಿ." ಹಜಾರದಲ್ಲಿ ಕೂತಿದ್ದ ಸನ್ಯಾಸಿಗಳೆಲ್ಲ ಥಟ್ಟನೆ ಬೆನ್ನು ನೆಟ್ಟಗೆ ಮಾಡಿದರು! ನಿರ್ದೇಶಕರು ಓಡಿ ಬಂದು ನನ್ನನ್ನು ತಬ್ಬಿಕೊಂಡು, "ಏನು ಮಾತು ಸೇರಿಸಿದ್ರಿ ಗುರುಗಳೇ!" ಅಂದರು. ನೆನಪಿದೆಯಾ ನಿಮಗೆ? ಈಗ ನಗಿ, ಪರವಾಗಿಲ್ಲ. ಇದಕ್ಕೆ ಅಕ್ಕನೂ ಕಂಬದ ಹಿಂದೆ ಹೋಗಿ ಬಾಯಿಗೆ ಸೆರಗು ಒತ್ತಿ ನಕ್ಕಿದ್ದರು.

ಆದರೆ ನೋಡುವವರ ಕಣ್ಣು ತಪ್ಪಿಸಲಾದೀತೇ? ಒಂದೇ ದೃಶ್ಯವನ್ನು ಎರಡು ದಿನ ಚಿತ್ರಿಸಿದಾಗ ಗೋಡೆಯ ಬರಹ ಬದಲಾಗುತ್ತಿತ್ತು. ಗುರು ಕೈ ಎತ್ತುವಾಗ ಒಂದು, ಕೈ ಇಳಿಸುವಾಗ ಇನ್ನೊಂದು. ಜನ ಬರೆದು ಕೇಳಿದರು, ಅಣಕಿಸಿದರು. ನಿರ್ದೇಶಕರು ಅಕ್ಕನನ್ನು ಎಲ್ಲರೆದುರು ನಿಲ್ಲಿಸಿ, "ಗೋಡೆ ಅಂದ್ರೆ ಏನು ಸ್ಲೇಟ್ ಅಂದ್ಕೊಂಡಿದ್ದೀರಾ?" ಅಂತ ಬೈದರು. ಬೈದದ್ದು ತಪ್ಪಲ್ಲ, ಅವರಿಗೇನು ಗೊತ್ತು? ಅಕ್ಕ ನಿಂತಲ್ಲೇ ಹೇಳಿದರು, "ತಪ್ಪಾಯ್ತು ಸರ್. ನಂಗೆ ಮರೆವು ಜಾಸ್ತಿ."

ನಂಗೆ — ಮರೆವು — ಜಾಸ್ತಿ.

ನನ್ನ ಕಾಯಿಲೆಯನ್ನು ತೆಗೆದು ತಮ್ಮ ತಲೆಯ ಮೇಲೆ ಹೊತ್ತುಕೊಂಡರು ಆ ಹೆಣ್ಣುಮಗಳು. ನಾನು ಕುರ್ಚಿಯಿಂದ ಎದ್ದೆ. ಎದ್ದದ್ದೇ ತಡ, ಕಣ್ಣಲ್ಲೇ ಗದರಿಸಿ ಕೂರಿಸಿದರು. ಆಮೇಲೆ ಸೆಟ್ಟಿನ ಹಿಂಬದಿಗೆ ಕರೆದುಕೊಂಡು ಹೋಗಿ, "ಬಾಯಿ ಬಿಟ್ರೆ ನೋಡಿ ಮತ್ತೆ! ನಂಗೆ ಬೈದ್ರೆ ಗೋಡೆಗೇನೂ ಆಗಲ್ಲ. ನಿಮ್ಮ ವಿಷಯ ಗೊತ್ತಾದ್ರೆ ನಾಳೆಯಿಂದ ನಿಮ್ಮನ್ನ ಯಾರು ಕರೀತಾರೆ? ನಾನಿರೋವರೆಗೂ ಒಂದು ಮಾತು ಆಡ್ಕೂಡ್ದು" ಅಂದರು. ಭಾಷೆ ತೆಗೆದುಕೊಂಡರು.

ಕಥೆ ಬರೆಯುವವರು ಬುದ್ಧಿವಂತರು. ಆದ ಎಡವಟ್ಟನ್ನೇ ಕಥೆ ಮಾಡಿದರು. ತವರುಮಠದ ಗೋಡೆ ಜೀವಂತ, ಮರಳಿ ಬಂದವರಿಗೆ ಅವತ್ತು ಯಾವ ಮಾತು ಬೇಕೋ ಅದನ್ನು ತಾನೇ ಬರೆಯುತ್ತದೆ ಅಂದರು. ಜನ ಹುಚ್ಚೆದ್ದು ಹೋದರು! "ಆ ಗೋಡೆ ನನಗೆ ಏನು ಬರೆಯುತ್ತಿತ್ತು?" ಅಂತ ಇವತ್ತಿಗೂ ಕೇಳಿ ಬರೆಯುತ್ತಾರೆ. ಕಥೆಗಾರರೇ, ನೀವು ಕಟ್ಟಿದ್ದು ಕಲ್ಪನೆ ಅಂದುಕೊಂಡಿದ್ದಿರಿ. ನನ್ನ ಪಾಲಿಗೆ ಅದು ದಿನಾ ಬೆಳಿಗ್ಗೆ ನಡೆಯುತ್ತಿತ್ತು.

ಗೋಡೆಗೆ ಹೆಸರು ಬಂತು. ಅಕ್ಕನಿಗೆ ಬಂದದ್ದು ಮಾತ್ರ ಮರೆವಿನ ಹೆಸರು. ದೊಡ್ಡ ಸಿನಿಮಾದವರು ಅಕ್ಕನನ್ನು ಕೇಳಿಕೊಂಡು ಬಂದಾಗ, ನಮ್ಮವರೇ ಯಾರೋ "ಕೈ ಚೆನ್ನಾಗಿದೆ, ಆದ್ರೆ ಮರೀತಾರೆ" ಅಂದರಂತೆ. ಆ ಕೆಲಸ ತಪ್ಪಿತು. ಮಗಳಿಗೆ ಅದು ಗೊತ್ತು. ಅಮ್ಮ ಅಸಡ್ಡೆ ಮಾಡಿ ಕಳೆದುಕೊಂಡಳು ಅಂತ ಇಷ್ಟು ದಿನ ಅಂದುಕೊಂಡಿದ್ದೆಯಲ್ಲಮ್ಮಾ? ಇಲ್ಲ. ನಿಮ್ಮಮ್ಮ ಏನನ್ನೂ ಮರೆತವರಲ್ಲ. ತಮ್ಮ ನೆನಪನ್ನೂ ಇಟ್ಟುಕೊಂಡು ನನ್ನದನ್ನೂ ಹೊತ್ತು ಓಡಾಡಿದವರು. ನಾನು ಇವತ್ತಿಗೂ ನಟ ಅಂತ ಅನ್ನಿಸಿಕೊಂಡಿದ್ದರೆ, ನನ್ನ ಮನೆಯಲ್ಲಿ ಒಲೆ ಉರಿಯುತ್ತಿದ್ದರೆ, ಅದು ನಿಮ್ಮಮ್ಮನಿಂದ. ನಿನ್ನ ಎದುರಿಗೇ ಹೇಳುತ್ತಿದ್ದೇನೆ, ನಾಲ್ಕು ಜನರ ಎದುರಿಗೇ ಹೇಳುತ್ತಿದ್ದೇನೆ.

ಹೋದ ವಾರ ಎದೆನೋವು ಅಂತ ಆಸ್ಪತ್ರೆಗೆ ಹೋದವರು ಬರಲೇ ಇಲ್ಲ. ಸುದ್ದಿ ಕೇಳಿ ನಾನು ಸೆಟ್ಟಿಗೆ ಓಡಿದೆ, ಕುರ್ಚಿ ಹತ್ತಿ ಕೂತೆ. ನನಗಾಗಿ ಕೊನೆಯ ಮಾತು ಏನಾದರೂ ಬರೆದಿಟ್ಟಿದ್ದಾರೋ ಅಂತ ಆಸೆ. ಏನಿತ್ತು ಗೊತ್ತಾ? "ಹಡಗನ್ನು ಎರಡನೇ ಬಾಗಿಲಿಗೆ ತನ್ನಿ." ಅಷ್ಟೇ! ಮುಂದಿನ ದೃಶ್ಯದ ಮಾತು. ಅಲ್ಲಿ ಕೂತು ಎಷ್ಟು ನಕ್ಕೆನೋ ಅಷ್ಟೇ ಅತ್ತೆ. ಅಕ್ಕ ಹೋಗುವವರಾಗಿರಲಿಲ್ಲ, ಮರುದಿನ ಕೆಲಸಕ್ಕೆ ಬರುವವರಾಗಿದ್ದರು.

ಈಗ ನಿರ್ಮಾಪಕರಿಗೆ ಒಂದು ಮಾತು. ಎರಡನೇ ಸಾಲಿನಲ್ಲಿದ್ದೀರಿ, ಕಾಣುತ್ತಿದ್ದೀರಿ. ಮುಂದಿನ ಭಾಗಕ್ಕೂ ನಾನೇ ದೊಡ್ಡಗುರು ಅಂತ ನೀವು ಹೇಳಿ ಆಗಿದೆ. ಇಷ್ಟೆಲ್ಲ ಕೇಳಿದ ಮೇಲೆ ಬೇರೆಯವರನ್ನು ಹುಡುಕಿದರೆ ನನಗೆ ಬೇಸರವಿಲ್ಲ — ಸುಳ್ಳು, ಇದೆ. ಹೊಟ್ಟೆ ಉರಿಯುತ್ತೆ. ಆದರೂ ಹುಡುಕಿ, ಅದು ನಿಮ್ಮ ಹಕ್ಕು. ಅಕ್ಕನಿಗೆ ಕೊಟ್ಟ ಭಾಷೆ ಅಕ್ಕ ಇರುವವರೆಗೆ ಮಾತ್ರ. ಅವರಿಲ್ಲದ ಮೇಲೂ ಅವರ ಹೆಸರನ್ನು ನನ್ನ ಮರೆವಿಗೆ ಅಡ್ಡ ಹಿಡಿದು ಕೂರಲಾರೆ. ಇನ್ನು ಬಣ್ಣದಕ್ಕನನ್ನು ನೆನೆಯುವಾಗ ಆ ಜೋಕು ಬೇಡ. ಮ್ಯಾನೇಜರೇ, ನಿಮಗೆ ಬೈಯುತ್ತಿಲ್ಲ, ಕಣ್ಣೊರೆಸಿಕೊಳ್ಳಿ.

ನನ್ನ ಮಾತು ಮುಗಿಯಿತು. ಇನ್ನೂ ಏನೋ ಹೇಳಬೇಕೆಂದಿದ್ದೆ, ಹೋಯಿತು. ಪರವಾಗಿಲ್ಲ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಕ್ಕನಿಗಾಗಿ ಒಂದು ನಿಮಿಷ ಸುಮ್ಮನಿರೋಣ. ನಿಮಿಷ ಮುಗಿದದ್ದು ನನಗೆ ತಿಳಿಯದೇ ಹೋಗಬಹುದು, ಯಾರಾದರೂ ಹೇಳಿ. ಗುಟ್ಟಾಗಿ ಬೇಡ — ಎಲ್ಲರಿಗೂ ಕೇಳುವ ಹಾಗೆ, ಜೋರಾಗಿಯೇ ಹೇಳಿ.