ಜೋಡಿ ಪಾಸಿನ ಎರಡನೇ ಸೀಟು

ಇದು ನಡೆದ ಕತೆ. ಅಲ್ಲ, ರೈಲು ನಿಂತಿತ್ತು, ನಡೆದದ್ದು ಕತೆ ಮಾತ್ರ. ನಂಬುವವರು ನಂಬಿ. ನಂಬದವರು ಕಿಟಕಿಯಿಂದ ಮಳೆ ನೋಡುತ್ತ ಕೂತಿರಿ, ಕಿವಿ ಹೇಗೂ ಇತ್ತಲೇ ಇರುತ್ತದೆ.

ಸಂಜೆ ದೀಪ ಹಾಕುವ ಹೊತ್ತು. ಹಳಿಯ ಮೇಲೆ ನೀರು ನಿಂತಿದೆಯೆಂದು ರೈಲನ್ನು ಎರಡು ಸ್ಟೇಷನ್ನುಗಳ ನಡುವಿನ ಬಟ್ಟಬಯಲಿನಲ್ಲಿ ನಿಲ್ಲಿಸಿದ್ದರು. ಪ್ರಯಾಣಿಕರು ಮೊದಲು ಗಾರ್ಡನನ್ನು ಬೈದರು, ಆಮೇಲೆ ಮಳೆಯನ್ನು ಬೈದರು, ಬೈಯಲು ಮತ್ತಾರೂ ಸಿಗದೆ ತಿಂಡಿ ಪೊಟ್ಟಣ ಬಿಚ್ಚಿದರು.

ಜಾರುಬಾಗಿಲಿನ ಒಂದು ಕೋಣೆಯಲ್ಲಿ ನಾಲ್ವರಿದ್ದರು. ಬಾಗಿಲ ಪಕ್ಕದ ಹುಡುಗಿಯನ್ನು ಮನೆಯವರು ಕರೆಯುತ್ತಿದ್ದದ್ದು ಗಿಣಿ ಎಂದು. ಆಗಷ್ಟೇ ಕಾಲೇಜು ಮುಗಿಸಿದ್ದಳು. ಅಲ್ಲಿ ಕಲಿತ ಪಾಠಕ್ಕಿಂತ ಕಲಿಸಿದವರನ್ನೇ ಹೆಚ್ಚು ಚೆನ್ನಾಗಿ ಒಪ್ಪಿಸುತ್ತಿದ್ದಳು. ಪ್ರಿನ್ಸಿಪಾಲರ ಮೂಗು, ಲೈಬ್ರರಿಯವರ ಪಿಸುಮಾತು, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಅವಳ ಪಕ್ಕದಲ್ಲಿ ಅಮ್ಮ. ಎದುರಿನ ಕಿಟಕಿಯ ಬಳಿ ಅಮ್ಮನ ಅಪ್ಪ, ಅಂದರೆ ತಾತ. ನಾಲ್ಕನೆಯವರು ಬೆಳಿಗ್ಗೆ ಹತ್ತಿದ್ದ ಒಬ್ಬ ಟೀಚರು. ಪರೀಕ್ಷೆಯ ಕೋಣೆಯಲ್ಲಿ ಓಡಾಡಿ ಓಡಾಡಿ ಎಲ್ಲರನ್ನೂ ಓರೆಗಣ್ಣಿನಿಂದಲೇ ನೋಡುವ ಅಭ್ಯಾಸ ಅವರಿಗೆ.

ಮನೆಯ ಮೂವರೂ ರೈಲ್ವೆ ಪಾಸ್ ಹಿಡಿದು ದೇಶ ನೋಡಲು ಹೊರಟವರು. ಒಮ್ಮೆ ಕೊಂಡರೆ ರಜೆ ಮುಗಿಯುವವರೆಗೂ ಯಾವ ರೈಲನ್ನಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು. ಒಂದೇ ಕೊಕ್ಕೆ: ಈ ಪಾಸನ್ನು ಒಂಟಿ ಜನಕ್ಕೆ ಕೊಡುವುದಿಲ್ಲ. ಒಂದು ಪಾಸಿಗೆ ಇಬ್ಬರು. ಚೆಕ್ಕಿಂಗಿನವರು ಬಂದಾಗ ಇಬ್ಬರೂ ಅಕ್ಕಪಕ್ಕ ಇರಬೇಕು. ಒಬ್ಬರಿಲ್ಲದಿದ್ದರೆ ಪಾಸು ರದ್ದು, ಉಳಿದವರು ಮುಂದಿನ ಸ್ಟೇಷನ್ನಿನಲ್ಲಿ ಕೆಳಗೆ.

ಅಮ್ಮ-ಮಗಳದು ಒಂದು ಜೋಡಿ. ತಾತನದು ಇನ್ನೊಂದು ಜೋಡಿ ಪಾಸು, ಆದರೆ ತಾತ ಒಬ್ಬರೇ. "ನಿಮ್ಮ ಜೊತೆಗೆ ಯಾರಪ್ಪಾ?" ಎಂದು ಕೌಂಟರಿನ ಮುಂದೆ ಅಮ್ಮ ಕೇಳಿದ್ದಕ್ಕೆ ತಾತ, "ಇದಾನೆ ಬಾಮ್ಮ" ಎಂದು ಮುಂದೆ ನಡೆದಿದ್ದರು. ಅಮ್ಮ ಹಣೆ ಚಚ್ಚಿಕೊಂಡಿದ್ದಳು. ವಿಚಿತ್ರವೆಂದರೆ ಚೆಕ್ಕಿಂಗಿನವರು ಯಾರೂ ತಕರಾರು ತೆಗೆದಿರಲಿಲ್ಲ. ಎಲ್ಲರೂ ತಾತನ ಪಾಸಿಗೆ ಎರಡು ತೂತು ಹಾಕಿ ಮುಂದೆ ಹೋಗಿದ್ದರು. ತನ್ನನ್ನೇ ತಾತನ ಜೋಡಿಗೂ ಸೇರಿಸಿ ಎರಡೆರಡು ಸಲ ಎಣಿಸುತ್ತಿದ್ದಾರೆ, ಪಾಪ, ಲೆಕ್ಕದಲ್ಲಿ ವೀಕು ಎಂದುಕೊಂಡಿದ್ದಳು ಗಿಣಿ.

ಅವಳ ತಲೆನೋವೇ ಬೇರೆ. ತಾತ ನಗುವುದಿಲ್ಲ. ಜೀವಮಾನವೆಲ್ಲ ಟೈಲರಾಗಿದ್ದ ಅವರ ಮುಖವೂ ಈಗತಾನೇ ಇಸ್ತ್ರಿ ಮಾಡಿಟ್ಟ ಹಾಗೆ, ನಗುವಿನ ಒಂದು ಸುಕ್ಕಿಲ್ಲ. ರಜೆ ಮುಗಿಯುವುದರೊಳಗೆ ನಗಿಸುತ್ತೇನೆಂದು ಅಮ್ಮನ ಜೊತೆ ಪಂಥ ಕಟ್ಟಿದ್ದಳು. ಸೋತರೆ ಇನ್ನು ಅಮ್ಮನ ಧ್ವನಿಯಲ್ಲಿ ಚಿಕ್ಕಮ್ಮನಿಗೆ ಫೋನು ಮಾಡುವಂತಿಲ್ಲ. ಗಿಣಿಗೆ ಅದು ಪಿತ್ರಾರ್ಜಿತ ಆಸ್ತಿ ಹೋದಷ್ಟು ನಷ್ಟ. ಮ್ಯೂಸಿಯಮ್ಮಿನ ಗೈಡು, ಹೋಟೆಲಿನ ಮ್ಯಾನೇಜರು, ಮೂಗಿನಲ್ಲೇ ಮಾತಾಡುವ ಈ ರೈಲಿನ ಚೆಕ್ಕಿಂಗಿನವ, ಎಲ್ಲರನ್ನೂ ಮಾಡಿ ತೋರಿಸಿಯಾಗಿತ್ತು. ಅಮ್ಮ ನಕ್ಕು ನಕ್ಕು ನೆತ್ತಿಗೇರಿಸಿಕೊಂಡಿದ್ದಳು. ತಾತ ಮಾತ್ರ ತುಟಿ ಬಿಗಿಹಿಡಿದು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ನಾಳೆಗೆ ರಜೆ ಮುಗಿಯುತ್ತದೆ.

ಅಷ್ಟರಲ್ಲಿ ಟೀಚರ ಕಿಟಕಿ ಸೋರತೊಡಗಿತು. ಅವರು ಚೀಲ ಎತ್ತಿಕೊಂಡು ತಾತನ ಪಕ್ಕದ ಖಾಲಿ ಸೀಟಿಗೆ ಬಂದರು.

"ಅಲ್ಲಿ ಬೇಡಿ, ಟೀಚರಮ್ಮ. ಜನ ಇದಾರೆ," ಎಂದರು ತಾತ.

"ಎಲ್ರೀ ಯಜಮಾನ್ರೇ? ಬೆಳಿಗ್ಗೆಯಿಂದ ನೋಡ್ತಿದೀನಿ, ಈ ಕೋಟು ಬಿಟ್ರೆ ನರಪಿಳ್ಳೆ ಇಲ್ಲ!"

ಸೀಟಿನ ಮೇಲಿನ ಕೊಕ್ಕೆಯಲ್ಲಿ ಬೂದು ಬಣ್ಣದ ಹಳೇ ಕೋಟೊಂದು ನೇತಾಡುತ್ತಿತ್ತು. ತಾತ ತೊಟ್ಟ ಕೋಟೂ ಅದೇ ಬಟ್ಟೆಯದು.

"ಕೋಟಿನೋನಿಗೇ ಆ ಸೀಟು," ಎಂದರು ತಾತ.

"ಅಪ್ಪಾ, ಮತ್ತೆ ಶುರು ಮಾಡ್ಬೇಡಿ," ಎಂದಳು ಅಮ್ಮ.

"ನಾನೆಲ್ಲಮ್ಮ ಶುರು ಮಾಡ್ದೆ? ಅವರು ಕೇಳಿದ್ರು." ತಾತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗಿಣಿ ಕಾಲು ಮಡಿಸಿ ಕೂತಳು. ಟೀಚರು ಎದುರು ಸೀಟಿನ ತುದಿಯಲ್ಲಿ ಕೂತರು. ದೀಪ ಒಮ್ಮೆ ಮಂಕಾಗಿ ಹೊತ್ತಿಕೊಂಡಿತು.

"ಅದು ನಮ್ಮ ಭಾವನ ಕೋಟು. ನಮ್ಮಕ್ಕನ ಗಂಡ. ವಯಸ್ಸಿನಲ್ಲಿ ನನ್ನ ಓರಗೆಯೋನೇ, ಅದಕ್ಕೇ ಏಕವಚನ. ಅಕ್ಕ ಎದುರಿಗಿದ್ರೆ ಮಾತ್ರ 'ಭಾವನವರು'. ಕತ್ತರಿಸೋದು ಅವನು, ಹೊಲಿಯೋದು ನಾನು, ಒಂದೇ ಅಂಗಡಿ. ಅವನ ಕತ್ತರಿಗಿಂತ ಬಾಯಿ ಚುರುಕು. ಗಿರಾಕಿ ಅಳತೆ ಕೊಟ್ಟು ಮೆಟ್ಟಿಲಿಳಿಯೋದ್ರೊಳಗೆ ಆ ಗಿರಾಕಿಯ ಧ್ವನಿಯಲ್ಲೇ 'ಸೊಂಟದ ಹತ್ರ ಸ್ವಲ್ಪ ಬಿಗಿ ಮಾಡಿ ಮಾಸ್ಟ್ರೇ' ಅಂತಿದ್ದ, ಬೀದಿಗೆ ಬೀದಿಯೇ ಬಿದ್ದು ಬಿದ್ದು ನಗೋದು. ನಾನು ಮಾತ್ರ ನಗ್ತಿರಲಿಲ್ಲ. ನಗು ಬರ್ತಿರಲಿಲ್ಲ ಅಂತಲ್ಲ... ಬಾಯಿ ತುಂಬ ಗುಂಡುಪಿನ್ನು ಕಚ್ಕೊಂಡು ಹೊಲಿಯೋನು ನಕ್ರೆ ಏನಾಗತ್ತೆ, ನೀವೇ ಹೇಳಿ? ಹಾಗೇ ಅಭ್ಯಾಸ ಆಗೋಯ್ತು, ಪಿನ್ನಿಲ್ಲದಾಗಲೂ ತುಟಿ ಬಿಚ್ತಿರಲಿಲ್ಲ. ಅವನಿಗೆ ಅದೇ ಒಂದು ಹಟ. 'ನಿನ್ನ ನಗಿಸೋ ತನಕ ನಾನು ಎಲ್ಲಿಗೂ ಹೋಗಲ್ಲ ಕಣೋ,' ಅಂತಿದ್ದ.

"ಒಂದು ವರ್ಷ ರಜೆಗೆ ಅಂತ ಅಂಗಡಿಗೆ ಬೀಗ ಹಾಕಿ, ಇದೇ ಥರ ಜೋಡಿ ಪಾಸ್ ತಗೊಂಡು ಹೊರಟ್ವಿ. ಒಂದೇ ಥಾನು ಬಟ್ಟೆಯಲ್ಲಿ ಇಬ್ಬರಿಗೂ ಕೋಟು. ಅವನು ಎಡಚ, ಅದಕ್ಕೇ ಅವನ ಕೋಟಿಗೆ ಗುಂಡಿ ಉಲ್ಟಾ, ಒಳಜೇಬೂ ಉಲ್ಟಾ. ನೋಡ್ಕೊಳ್ಳಿ ಬೇಕಾದ್ರೆ... ಪಾಸು ಆ ಒಳಜೇಬಿನಲ್ಲೇ, ನನ್ನ ಕೈಗೆ ಕೊಟ್ರೆ ಕಳೀತೀನಿ ಅಂತ. ಸಮುದ್ರ ನೋಡಿದ್ವಿ, ಬೆಟ್ಟ ನೋಡಿದ್ವಿ... ನಾನು ಏನು ನೋಡಿದ್ನೋ, ನನ್ನ ಕಣ್ಣೆಲ್ಲ ಬಾಗಿಲ ಮೇಲೆ! ಯಾಕಂತೀರಾ? ಈ ಪುಣ್ಯಾತ್ಮ ಪ್ರತಿ ಸ್ಟೇಷನ್ನಿನಲ್ಲೂ ಟೀ ಅಂತ ಇಳಿಯೋನು. ಸೀಟಿ ಆಯ್ತು, ರೈಲು ಹೊರಡ್ತು, ಇವನ ಸುಳಿವಿಲ್ಲ. ಚೆಕ್ಕಿಂಗಿನೋನು ಬಂದ್ರೆ ನನ್ನ ಗತಿ? ನಾನಿಲ್ಲಿ ಬೆವರ್ತಾ ಕೂತಿದ್ರೆ, ಹಿಂದಿನ ಬೋಗಿಗೆ ಹತ್ಕೊಂಡು ಮೆಲ್ಲಗೆ ಬಂದು, ಈ ಥರದ್ದೇ ಬಾಗಿಲ ಆಚೆ ನಿಂತು, ಥೇಟ್ ಚೆಕ್ಕಿಂಗಿನೋನ ಗತ್ತಿನಲ್ಲಿ, 'ಪಾಸು ತೆಗೀರಿ... ಇಬ್ಬರೂ ಇದೀರಾ?' ಅನ್ನೋನು. ನಾನು ಎದೆ ಹಿಡ್ಕೊಂಡು ಎದ್ದುನಿಂತ್ರೆ ಬಾಗಿಲು ಸರಿಸಿ ಗಹಗಹ. 'ನಗೋ ಮಾರಾಯ, ಒಂದು ಸಲ ನಗೋ!' ನಗೋ ಪರಿಸ್ಥಿತಿ ಏನ್ರೀ ಅದು?"

ಗಿಣಿಯ ತಲೆಯಲ್ಲಿ ದೀಪ ಹೊತ್ತಿದ್ದು ಆಗ. ನಾಳೆಯವರೆಗೂ ಯಾಕೆ ಕಾಯಬೇಕು? "ಟೀ ಸಿಗತ್ತಾ ನೋಡ್ತೀನಿ, ನೀವು ಹೇಳ್ತಿರಿ ತಾತ," ಎಂದು ಎದ್ದಳು. ಬಾಗಿಲನ್ನು ಪೂರ್ತಿ ಮುಚ್ಚದೆ ಕಿರುಬೆರಳಷ್ಟು ಸಂದಿ ಬಿಟ್ಟು, ಹೊರಗಿನ ಓಣಿಯಲ್ಲಿ ಗೋಡೆಗೊರಗಿ ನಿಂತಳು. ಮೂಗಿನ ಚೆಕ್ಕಿಂಗಿನವನನ್ನು ಗಂಟಲಲ್ಲಿ ಕರೆದು ಕೂರಿಸಿಕೊಂಡಳು. ಕತೆ ತುದಿಗೆ ಬರಲಿ, ಆಗ ಬಿಡೋಣ.

ಒಳಗೆ ತಾತನ ಧ್ವನಿ ನಡೆದೇ ಇತ್ತು.

"ಇಂಥದ್ದೇ ಮಳೆಯ ಸಂಜೆ. ದೊಡ್ಡ ಜಂಕ್ಷನ್ನು. ಕೋಟಿನ ಗುಂಡಿ ಹಾಕ್ಕೊಂಡು ಇಳಿದ, ನಾನು ಕಣ್ಣಾರೆ ನೋಡ್ದೆ. ರೈಲು ಹೊರಡ್ತು. ಬರಲಿಲ್ಲ. ಊರು ದಾಟಿ ಹೊಲ ಬಂತು... ಬರಲಿಲ್ಲ. ಆಮೇಲೆ ಬಾಗಿಲ ಆಚೆಯಿಂದ... 'ಪಾಸು ತೆಗೀರಿ, ಇಬ್ಬರೂ ಇದೀರಾ?' ಈ ಸಲ ನಾನು ಏಳಲಿಲ್ಲ. 'ಸಾಕು ಬಾರಯ್ಯ ಒಳಗೆ, ನಿನ್ನ ನಾಟಕ ನೋಡಿ ನೋಡಿ ಸಾಕಾಗಿದೆ,' ಅಂದೆ. ಬಾಗಿಲು ಸರೀತು. ನಿಜವಾದ ಚೆಕ್ಕಿಂಗಿನೋನು! ಹುಬ್ಬು ಗಂಟಿಕ್ಕಿ ನಿಂತಿದಾನೆ. ಭಾವ ಇಲ್ಲ, ಪಾಸೂ ಇಲ್ಲ. ಏನು ಹೇಳ್ಲಿ? ಬಾಯಿ ತೆರೀಬೇಕು... ಅಷ್ಟರಲ್ಲಿ ಕೈ ಮೇಲೆ ತಣ್ಣಗೆ ಒಂದು ಹನಿ. ಇನ್ನೊಂದು ಹನಿ. ತಲೆ ಎತ್ತಿ ನೋಡ್ತೀನಿ, ಕೊಕ್ಕೆಯಲ್ಲಿ ಕೋಟು. ಗುಂಡಿ ಉಲ್ಟಾ. ನೀರು ತೊಟ್ಟಿಕ್ತಾ ಇದೆ.

"ಒಳಜೇಬಿಗೆ ಕೈ ಹಾಕ್ದೆ. ಪಾಸು ಇತ್ತು. ಗರಿಗರಿ, ಒಂದು ಚೂರೂ ನೆಂದಿಲ್ಲ. ಚೆಕ್ಕಿಂಗಿನೋನು ತಗೊಂಡ, ತೂತು ಹಾಕ್ದ... ಎರಡು. ಆಮೇಲೆ ನನ್ನ ಪಕ್ಕದ ಸೀಟಿನ ಕಡೆ ತಿರುಗಿ, ನಾನೀಗ ನಿಮ್ಮ ಜೊತೆ ಮಾತಾಡ್ತಿರೋ ಥರಾನೇ ಅಂದ, 'ಪೂರ್ತಿ ನೆಂದುಬಿಟ್ಟಿದೀರಲ್ಲ ಸ್ವಾಮೀ, ತಲೆ ಒರೆಸ್ಕೊಳ್ಳಿ, ನೆಗಡಿ ಆಗತ್ತೆ.'"

"ರಾಮ ರಾಮಾ," ಎಂದರು ಟೀಚರು.

"ಮುಂದಿನ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ಟರು ಬೋಗಿಯಿಂದ ಬೋಗಿಗೆ ಕೇಳ್ಕೊಂಡು ಬಂದ್ರು, 'ನಗದೇ ಇರೋ ಮುಖದೋರು ಯಾರ್ರೀ ಇಲ್ಲಿ?' ಅಂತ. ಬೋಗಿಯವರೆಲ್ಲ ನಕ್ರು. ನಾನು ಕೈ ಎತ್ತಿದೆ. ಜಂಕ್ಷನ್ನಿನಿಂದ ಸುದ್ದಿ ಬಂದಿತ್ತು. ಟೀ ಅಂಗಡಿಯೋನ ಹತ್ರ ಭಾವ, 'ಎರಡು ಟೀ ಕೊಡಪ್ಪ, ಒಳಗೊಬ್ಬ ನಗದೇ ಇರೋ ಮುಖದೋನು ಕೂತಿದಾನೆ,' ಅಂದನಂತೆ. ಅಂದೋನು ಬೆಂಚಿನ ಮೇಲೆ ಕೂತ. ಕೂತೋನು ಏಳಲಿಲ್ಲ. ಕೈಯಲ್ಲಿದ್ದ ಲೋಟ ಹಾಗೇ ಇತ್ತು, ತುಳುಕಿರಲಿಲ್ಲ. 'ಕೋಟು ಹಾಕ್ಕೊಂಡೇ ಕೂತಿದ್ರು, ರೈಲು ಹೋದ ಮೇಲೆ ನೋಡ್ತೀನಿ, ಬರೀ ಅಂಗಿಯಲ್ಲಿದ್ರು...' ಅಂತ, ನಾನು ವಾಪಸ್ ಹೋದಾಗ ಆ ಟೀ ಅಂಗಡಿಯೋನು ಅತ್ಕೊಂಡು ಹೇಳ್ದ."

ಮಳೆ ತಗಡಿನ ಮೇಲೆ ಸಣ್ಣಗೆ ಹೊಲಿಗೆ ಹಾಕುತ್ತಿತ್ತು. ಗಿಣಿ ಉಸಿರು ಎಳೆದುಕೊಂಡಳು. ಇದೇ ಹೊತ್ತು.

"ಆಮೇಲಿಂದ ಪ್ರತಿ ರಜೆಗೂ ಜೋಡಿ ಪಾಸೇ ತಗೋತೀನಿ. ಯಾವ ಚೆಕ್ಕಿಂಗಿನೋನೂ ಇವತ್ತಿನವರೆಗೂ 'ಇನ್ನೊಬ್ರು ಎಲ್ಲಿ' ಅಂತ ಕೇಳಿಲ್ಲ. ನೀವೇ ನೋಡಿದ್ರಲ್ಲ ಬೆಳಿಗ್ಗೆ? ನಗಿಸೋ ತನಕ ಹೋಗಲ್ಲ ಅಂದಿದ್ದ. ಇದಾನೆ. ಆದ್ರೆ ನಾನು ಒಂದು ಸಲ ನಕ್ಬಿಟ್ರೆ?" ತಾತನ ಧ್ವನಿ ತಗ್ಗಿತು. "ಅದಕ್ಕೇ ನಗಲ್ಲ. ನಮ್ಮ ಗಿಣಿ ಒಬ್ಬೊಬ್ಬರನ್ನೂ ಮಾಡಿ ತೋರಿಸ್ವಾಗ ಹೊಟ್ಟೆ ಹಿಡ್ಕೊಂಡು ನಗ್ಬೇಕು ಅನ್ಸತ್ತೆ ನೋಡಿ... ಥೇಟ್ ಅವನದೇ ಗಂಟಲು ಆ ಹುಡುಗೀದು. ಗುಂಡುಪಿನ್ನು ಕಚ್ಕೊಂಡ ಹಾಗೆ ತುಟಿ ಕಚ್ಕೊಂಡು ಕಿಟಕಿ ಕಡೆ ತಿರುಗ್ತೀನಿ. ಮುಖ ಗಂಟು ಹಾಕ್ಕೊಂಡಿದೀನಿ ಅಂತ ಪಾಪ ಅವಳು ನೊಂದ್ಕೋತಾಳೆ. ಏನ್ಮಾಡ್ಲಿ? ಅವನಿಲ್ಲದೆ ನಾನು ಒಂದು ದಿನವೂ ಇದ್ದೋನಲ್ಲ."

ಎಳೆದುಕೊಂಡ ಉಸಿರನ್ನು ಗಿಣಿ ಸದ್ದಿಲ್ಲದೆ ಬಿಟ್ಟಳು. ಕಣ್ಣು ಮಂಜಾಯಿತು. ಪಂಥ ಹಾಳಾಗಿಹೋಗಲಿ, ಚಿಕ್ಕಮ್ಮನ ಫೋನೂ ಹಾಳಾಗಿಹೋಗಲಿ. ಮೂಗಿನ ಚೆಕ್ಕಿಂಗಿನವನನ್ನು ನುಂಗಿ, ನಿಜವಾಗಿಯೂ ಟೀ ತರೋಣವೆಂದು ಹೆಜ್ಜೆ ಎತ್ತಿದಳು.

ಗಂಟಲಲ್ಲಿ ಏನೋ ಕೆರೆದಂತಾಯಿತು. ಎರಡು ಸಲ ಒಣಕೆಮ್ಮು ಬಂತು. ಕೆಮ್ಮಿನ ಹಿಂದೆಯೇ, ಬಾಯಿ ತಾನಾಗಿ ತೆರೆದುಕೊಂಡು:

"ಪಾಸು ತೆಗೀರಿ... ಇಬ್ಬರೂ ಇದೀರಾ?"

ಅದು ಮೂಗಿನ ಧ್ವನಿಯಾಗಿರಲಿಲ್ಲ. ದಪ್ಪನೆಯ, ನಗು ಅದುಮಿಟ್ಟ ಗಂಡಸಿನ ಧ್ವನಿ. ತನ್ನ ಗಂಟಲಿನ ಬಾಡಿಗೆದಾರರನ್ನೆಲ್ಲ ಗಿಣಿ ಬಲ್ಲಳು. ಇವನನ್ನು ಅವಳು ಕೇಳಿಯೇ ಇರಲಿಲ್ಲ.

ಒಳಗೆ ಟೀಚರು ಚೀರಿದರು. "ಗಿಣೀ! ಕತ್ತೆ! ಹಿರಿಯರ ಹತ್ರ ಆಡೋ ಆಟವೇನೇ ಇದು?" ಎಂದು ಅಮ್ಮ ಕೂಗಿದಳು, ಕೂಗುತ್ತಲೇ ತಡೆಯಲಾರದೆ ನಕ್ಕಳು. ಮರುಕ್ಷಣ ಯಾರೂ ಕೇಳದಿದ್ದ ಸದ್ದೊಂದು ಎದ್ದಿತು. ಹಳೇ ಹೊಲಿಗೆ ಒಂದೇ ಏಟಿಗೆ ಬಿಚ್ಚಿಕೊಂಡಂತೆ ತಾತ ನಗುತ್ತಿದ್ದರು. ತೊಡೆ ತಟ್ಟಿಕೊಂಡು, ಕನ್ನಡಕ ಬೀಳಿಸಿಕೊಂಡು, ಟೀಚರನ್ನೂ ಅಮ್ಮನನ್ನೂ ಮೀರಿಸಿ, ಪಕ್ಕದ ಕೋಣೆಯವರು ಗೋಡೆ ಬಡಿಯುವಷ್ಟು ಜೋರಾಗಿ.

ಬಾಗಿಲು ಸರಿಸಿದ ಗಿಣಿಯ ಮುಖ ಬಿಳಿಚಿತ್ತು. "ತಾತ, ನಾನಲ್ಲ... ಬೇಡ ಅಂತ ಬಿಟ್ಟಿದ್ದೆ. ಅದಾಗೇ ಬಂತು. ನೀವು ನಕ್ಬಿಟ್ರಿ..."

"ಗೊತ್ತು ಪುಟ್ಟಿ." ತಾತ ಕಣ್ಣೊರೆಸಿಕೊಂಡರು. "ಬಾಗಿಲ ಆಚೆ ನಿಂತಾಗೆಲ್ಲ ಮೊದಲು ಎರಡು ಸಲ ಕೆಮ್ಮೋನು. ಆ ಕೆಮ್ಮಿನ ವಿಷಯ ಕತೆಯಲ್ಲಿ ನಾನು ಹೇಳಲೇ ಇಲ್ಲ."

ಅಮ್ಮನ ನಗು ಅರ್ಧಕ್ಕೇ ನಿಂತಿತು.

"ಹಾಗಾದ್ರೆ... ಹೋಗ್ಬಿಟ್ರಾ ಅವರು?" ಎಂದಳು ಗಿಣಿ.

ರೈಲು ಒಮ್ಮೆ ಜಗ್ಗಿ ಹೊರಟಿತು. ತಾತ ಅಳತೆಗೆ ಟೇಪು ಹಿಡಿಯುವವರಂತೆ ಅಂಗೈಯನ್ನು ಕೋಟಿನ ಕೆಳಗೆ ಚಾಚಿದರು. ಮೇಲೆ ಚಾವಣಿ ಒಣಗಿತ್ತು, ಕಿಟಕಿ ಮುಚ್ಚಿತ್ತು. ಹನಿಯೊಂದು ಬಂದು ಅಂಗೈ ಮೇಲೆ ಬಿತ್ತು. ಆಮೇಲೆ ಇನ್ನೊಂದು.

ತಾತನಿಗೆ ಮತ್ತೆ ನಗು ಉಕ್ಕಿತು, ಮೊದಲಿಗಿಂತ ಜೋರಾಗಿ.

"ಅಯ್ಯೋ ನಿನ್ನ! ನಗಿಸೋ ತನಕ ಹೋಗಲ್ಲ ಅಂದಿದ್ದ, ನಗಿಸಿದ ಮೇಲೆ ಹೋಗ್ತೀನಿ ಅಂತ ಯಾವತ್ತು ಹೇಳಿದ್ದ? ಇಷ್ಟು ವರ್ಷ ಸುಮ್ನೆ ಬಾಯಿ ಹೊಲ್ಕೊಂಡು ಕೂತಿದ್ನಲ್ರೀ ನಾನು..." ನಗುತ್ತಲೇ ಕಿಟಕಿಯ ಕಡೆ ಒತ್ತಿಕೊಂಡು ಜಾಗ ಬಿಟ್ಟರು. "ಗಿಣಿ, ಆ ಟವೆಲ್ ಕೊಡೇ ಇಲ್ಲಿ. ಟೀಚರಮ್ಮ, ಸ್ವಲ್ಪ ಕಾಲು ತೆಗೀರಿ... ದಾಟಿ ಬರ್ಬೇಕಲ್ಲ ಅವನು."